ಪುಟದ ತಲೆಯ ಒಂಟಿ ಸಾಲು

ನಮ್ಮ ನೀರು ಪರೀಕ್ಷಾ ಪ್ರಯೋಗಾಲಯದಿಂದ ಹೊರಗೆ ಹೋಗುವ ಪ್ರತಿಯೊಂದು ವರದಿಯ ಎಡ ಅಂಚನ್ನು ಅವರು ಸ್ಟೀಲ್ ಸ್ಕೇಲ್ ಇಟ್ಟು ಅಳೆಯುತ್ತಿದ್ದರು. ಮೂವತ್ತು ಮಿಲಿಮೀಟರ್ ಇರಬೇಕು. ಇಪ್ಪತ್ತೊಂಬತ್ತು ಇದ್ದರೆ ಪ್ರಿಂಟರಿನ ಕಾಗದದ ತಟ್ಟೆ ಎಳೆದು, ಸರಿಪಡಿಸಿ, ಮತ್ತೆ ಮುದ್ರಿಸುತ್ತಿದ್ದರು. ಹೀಗಾಗಿ ಅವರಿಗೆ ಮಾರ್ಜಿನ್ ಸಾರ್ ಎಂದು ಹೆಸರು ಬಿದ್ದಿತ್ತು. ಎದುರಿಗೇ ಹಾಗೆ ಕರೆಯುತ್ತಿದ್ದೆವು. ಅವರಿಗೆ ಅದರಲ್ಲಿ ಬೇಸರವೇನೂ ಇದ್ದಂತೆ ಕಾಣಲಿಲ್ಲ.

ರವಾನೆ ಗುಮಾಸ್ತರು ಮಾತ್ರ ಹೊಸಬರು ಯಾರೇ ಸೇರಲಿ, ಅವರನ್ನು ಕರೆದು ಕೂರಿಸಿಕೊಂಡು ಕೇಳುತ್ತಿದ್ದರು.

"ನಮ್ ಸಾರ್ ಯಾಕೆ ಮದುವೆ ಆಗ್ಲಿಲ್ಲ ಗೊತ್ತಾ? ಹುಡುಗಿ ಫೋಟೋ ಬಂತಂತೆ. ಸ್ಕೇಲ್ ಇಟ್ಟು ನೋಡಿದ್ರಂತೆ. ಎರಡು ಮಿಲಿಮೀಟರ್ ಎಡಕ್ಕೆ ವಾಲಿದ್ಲಂತೆ."

"ಮೂರು," ಅನ್ನುತ್ತಿದ್ದರು ಮಾರ್ಜಿನ್ ಸಾರ್, ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ.

ನಾನು ರಸಾಯನಶಾಸ್ತ್ರ ಓದಿ ಅಲ್ಲಿಗೆ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ವರದಿ ವಿಭಾಗಕ್ಕೆ ಅವರೊಬ್ಬರೇ. ಗಾಜಿನ ಬಾಗಿಲಿನ ಪುಟ್ಟ ಕೋಣೆ, ಕಪ್ಪು ಪರದೆಯ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ತೇವ ತಗಲದಂತೆ ಕಬ್ಬಿಣದ ಬೀರುವಿನಲ್ಲಿ ಕಾಗದದ ಕಟ್ಟುಗಳು. ಟೈಪ್ ಮಾಡುವಾಗಲೇ ಪುಟ ಹೇಗೆ ಬರುತ್ತದೆಂದು ತೋರಿಸುವ ಪ್ರೋಗ್ರಾಮುಗಳು ಉಳಿದ ಕಂಪ್ಯೂಟರುಗಳಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಅವರು ಅವುಗಳ ಹತ್ತಿರ ಸುಳಿಯಲಿಲ್ಲ. ಅವರದು ಹಳೆಯ ಪದ್ಧತಿ. ಬರಹವನ್ನು ಸಾದಾ ಫೈಲಿನಲ್ಲಿ ಒಂದೇ ಸಮನೆ ಟೈಪ್ ಮಾಡುವುದು. ಏನಾದರೂ ಸೂಚನೆ ಕೊಡಬೇಕಿದ್ದ ಕಡೆ ಒಂದು ಹೊಸ ಸಾಲಿನ ಮೊದಲಿಗೆ ಒಂದು ಚುಕ್ಕೆ, ಚುಕ್ಕೆಯ ಪಕ್ಕ ಎರಡು ಅಕ್ಷರ. ಇಲ್ಲಿಂದ ಹೊಸ ಪ್ಯಾರಾ, ಇದನ್ನು ಮಧ್ಯಕ್ಕೆ ತಾ, ಅಕ್ಷರದ ಗಾತ್ರ ಇಷ್ಟು, ಸಾಲಿನ ಉದ್ದ ಇಷ್ಟು. ಎಲ್ಲ ಮುಗಿದ ಮೇಲೆ ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಕಮಾಂಡ್. ಆಗ ಆ ಹಳೆಯ ಪ್ರೋಗ್ರಾಮು ಇಡೀ ಫೈಲನ್ನು ತಾನೇ ಓದಿಕೊಂಡು, ಸಾಲು ಮುರಿದು, ಪುಟ ಕತ್ತರಿಸಿ, ಪುಟಸಂಖ್ಯೆ ಹಾಕಿ ಪ್ರಿಂಟರಿಗೆ ಕಳಿಸುತ್ತಿತ್ತು.

"ಬರೆಯೋದು ಬೇರೆ, ಜೋಡಿಸೋದು ಬೇರೆ," ಎಂದು ಮೊದಲ ವಾರದಲ್ಲೇ ನನಗೆ ಹೇಳಿಕೊಟ್ಟಿದ್ದರು. "ನೀವು ಬರೀರಿ, ಅದು ಜೋಡಿಸುತ್ತೆ. ನಾಳೆ ಮನಸ್ಸು ಬದಲಾಯ್ತು ಅಂತಿಟ್ಕೊಳ್ಳಿ, ಒಂದು ಅಂಕಿ ತಿದ್ದಿದ್ರೆ ಸಾಕು. ನೂರು ಪುಟಾನೂ ತಾನೇ ಬದಲಾಗುತ್ತೆ."

ಆ ಒಂದು ಅಂಕಿಯ ಅನುಕೂಲವೇ ಮುಂದೆ ಅವರ ಕಾಲವನ್ನೆಲ್ಲ ತಿಂದಿತು ಎಂದು ಈಗ ಅನ್ನಿಸುತ್ತದೆ. ಆಗ ನನಗೂ ಅದು ಜಾಣತನವಾಗಿಯೇ ಕಂಡಿತ್ತು.

ನಮ್ಮಲ್ಲಿ ಇನ್ನೂ ಎರಡು ನಿಯಮಗಳಿದ್ದವು. ಅವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು, ವರದಿಯ ಕೊನೆಯ ಪುಟದಲ್ಲಿ ಬರಿಯ ಸಹಿಯೊಂದೇ ಉಳಿಯಬಾರದು. ಸಹಿ ಮಾತ್ರ ಇರುವ ಹಾಳೆಯನ್ನು ಯಾರು ಬೇಕಾದರೂ ಯಾವ ವರದಿಗೆ ಬೇಕಾದರೂ ಹೊಲಿದುಬಿಡಬಹುದಲ್ಲ. ಹಾಗೆ ಬಂದರೆ ಮಾರ್ಜಿನ್ ಸಾರ್ ಷರಾ ಭಾಗದಿಂದ ಒಂದೆರಡು ಮಾತು ತೆಗೆದು ಸಹಿಯನ್ನು ಹಿಂದಿನ ಪುಟಕ್ಕೆ ಎಳೆದುಕೊಳ್ಳುತ್ತಿದ್ದರು. 'ಸ್ವಚ್ಛವಾದ ಬಾಟಲಿಯಲ್ಲಿ ಸಂಗ್ರಹಿಸಲಾದ ಮಾದರಿ' ಎಂಬುದು 'ಸಂಗ್ರಹಿಸಿದ ಮಾದರಿ' ಆಗುತ್ತಿತ್ತು. ಯಾರಿಗೂ ನಷ್ಟವಿಲ್ಲ. ಎರಡನೆಯದು, ತಿದ್ದಿದ ಮೇಲೆ ಹಳೆಯ ಪ್ರತಿ ಎಲ್ಲಿಯೂ ಉಳಿಯಬಾರದು. ಒಂದೇ ಬಾವಿಯ ನೀರಿಗೆ ಎರಡು ವರದಿ ಇದ್ದರೆ ಗಲಾಟೆ. ಕರಡು ಹಾಳೆಗಳನ್ನು ಹರಿದು ಹಾಕಬೇಕು, ಹಳೆಯ ಫೈಲನ್ನು ಅಳಿಸಬೇಕು. ಇಪ್ಪತ್ತೆಂಟು ವರ್ಷ ಅವರು ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಅವರ ಮನೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳು. ಅವರು ಮತ್ತು ಅವರ ಅಕ್ಕ. ತಂದೆ ಮೊದಲೇ ಹೋಗಿದ್ದರು; ತಾಯಿ ತೀರಿಕೊಂಡಾಗ ಇವರಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೇಳು. ಮರುವರ್ಷವೇ ಅಕ್ಕ ಊರಿನ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕೆ ಸೇರಿದರು. ವಾರ್ಡುಗಳಿಂದ ಬರುವ ಬೆಡ್‌ಶೀಟು, ದಿಂಬಿನ ಚೀಲ, ರೋಗಿಗಳ ಅಂಗಿಗಳನ್ನು ಎಣಿಸಿ, ಹರಿದದ್ದನ್ನು ಹೊಲಿದು, ಒಗೆಯಲು ಕಳಿಸಿ, ಬಂದದ್ದನ್ನು ಮಡಚಿಡುವ ಕೆಲಸ. ನಲವತ್ತು ವರ್ಷ ಅಲ್ಲೇ. ತಮ್ಮನನ್ನು ಓದಿಸಿದ್ದು ಅದರಲ್ಲೇ. ಐವತ್ತೈದು ವರ್ಷದ ಮಾರ್ಜಿನ್ ಸಾರ್ ಮನೆಯೊಳಗೆ ಕಾಲಿಟ್ಟರೆ ಪುಟ್ಟ ಆಗಿಬಿಡುತ್ತಿದ್ದರು.

"ಪುಟ್ಟ, ಕಾಲೊರೆಸ್ಕೊಂಡು ಬಾರೋ. ಕೆಮಿಸ್ಟಮ್ಮ, ನೀನು ಬಾ, ನಿನ್ನ ಕಾಲು ಪರವಾಗಿಲ್ಲ."

ನಿವೃತ್ತಿಯಾದ ಮೇಲೆ ಅಕ್ಕ ಮಕ್ಕಳು ಶಾಲೆಯಲ್ಲಿ ಬರೆಯುವಂಥ ಐದು ನೋಟ್‌ಬುಕ್ಕುಗಳಲ್ಲಿ ಪೆನ್ಸಿಲಿನಿಂದ ಬರೆದರು. ಬಟ್ಟೆ ಕೋಣೆಯ ವಿಷಯ. ಮಡಿಕೆಗಳಲ್ಲಿ ಸಿಕ್ಕಿದ ಸಾಮಾನುಗಳು: ಉಂಗುರ, ಹಲ್ಲಿನ ಸೆಟ್ಟು, ಓದದೆ ಬಿಟ್ಟ ಕಾಗದ, ಒಂದು ಸಲ ಜೀವಂತ ಆಮೆಮರಿ. ಬರೆಯುತ್ತ ಬರೆಯುತ್ತ ಐದನೆಯ ಪುಸ್ತಕ ಮುಗಿಯುವ ಹೊತ್ತಿಗೆ ಅಕ್ಷರಗಳು ಗೆರೆ ಬಿಟ್ಟು ಹತ್ತತೊಡಗಿದ್ದವು. ಕಣ್ಣಿನ ಡಾಕ್ಟರು ನೋಡಿ, ಬಲಗಣ್ಣಿನ ನಡುಭಾಗದ ನೋಟ ಹೋಗಿದೆ, ಎಡಗಣ್ಣೂ ಅದೇ ದಾರಿ ಹಿಡಿದಿದೆ, ದೊಡ್ಡ ಅಕ್ಷರವಾದರೆ ಇನ್ನು ಒಂದೂವರೆ ವರ್ಷ ಓದಬಹುದು ಎಂದರು.

"ಬೆಡ್‌ಶೀಟ್ ಸವೆಯೋದೂ ಹೀಗೇ ಕಣಮ್ಮ," ಎಂದು ಅಕ್ಕ ನನಗೆ ವಿವರಿಸಿದ್ದರು. "ಮಲಗೋ ಜಾಗ ನಡುವೆ ತೆಳ್ಳಗಾಗುತ್ತೆ, ಅಂಚು ಗಟ್ಟಿ ಇರುತ್ತೆ. ಅದನ್ನ ಉದ್ದಕ್ಕೆ ಸೀಳಿ, ಎರಡು ಅಂಚನ್ನೂ ನಡುವಿಗೆ ತಂದು ಹೊಲಿದ್ರೆ ಇನ್ನೆರಡು ವರ್ಷ ಬಾಳ್ತಿತ್ತು. ಈ ಡಾಕ್ಟ್ರಿಗೆ ಹೊಲಿಗೆ ಬರಲ್ಲ, ಏನ್ಮಾಡೋದು."

ಅವರು ತಮ್ಮನ ಹತ್ತಿರ ಬೇಡಿದ್ದು ಒಂದೇ. ತಮ್ಮ ಕೈಬರಹ ತಮಗೇ ಕಾಣುತ್ತಿಲ್ಲ. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಕೊಟ್ಟರೆ, ಕಣ್ಣು ಇರುವಾಗಲೇ ಮೊದಲಿಂದ ಕೊನೆಯವರೆಗೆ ಒಂದು ಸಲ ತಾವೇ ಓದಬೇಕು. "ನಾನು ಬರೆದದ್ದನ್ನ ನಾನು ಓದೇ ಇಲ್ಲ ಕಣೋ. ಬರೀತಾ ಹೋದೆ ಅಷ್ಟೇ."

"ಅದೇನು ಮಹಾ. ಟೈಪ್ ಮಾಡಿದ್ರೆ ಮುಗೀತು," ಎಂದರು ಸಾರ್.

ಬೆಳಗ್ಗೆ ಆರರಿಂದ ಎಂಟರವರೆಗೆ ಟೈಪ್ ಮಾಡಿ, ನಾಲ್ಕು ತಿಂಗಳಲ್ಲಿ ಐದು ಪುಸ್ತಕಗಳನ್ನೂ ಫೈಲಿಗೆ ಇಳಿಸಿದರು. ಒಂದು ಅಕ್ಷರ ತಪ್ಪಿಲ್ಲ. ಆ ವಾರವೇ ಅಕ್ಕ ಐದೂ ನೋಟ್‌ಬುಕ್ಕುಗಳನ್ನು ಹಳೇ ಪೇಪರಿನವನಿಗೆ ಹಾಕಿದರು. "ಇನ್ನೇನು, ಮಷಿನ್ನಿನಲ್ಲಿ ಭದ್ರವಾಗಿ ಇದೆಯಲ್ಲ." ಸಾರ್ ಕೂಡ ಅದನ್ನು ಸರಿ ಅಂದರು. ಎರಡು ಪ್ರತಿ ಇರಬಾರದು ಎಂಬುದು ಅವರಿಗೆ ಹೇಗೂ ಅಭ್ಯಾಸ.

ಅವತ್ತೇ ಕಮಾಂಡ್ ಹೊಡೆದು ಮುದ್ರಿಸಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಮೊದಲು ಹನ್ನೆರಡು ಪಾಯಿಂಟ್ ಅಕ್ಷರದಲ್ಲಿ ಜೋಡಿಸಿದರು. ಎಂಬತ್ತೆಂಟು ಪುಟ ಬಂತು. ಪ್ರತಿ ಪುಟದಲ್ಲೂ ಸರಿಯಾಗಿ ಮೂವತ್ತಾರು ಸಾಲು ಇರಬೇಕು, ಅಡಿಯ ಅಂಚು ಎಲ್ಲೆಡೆ ಒಂದೇ ಎತ್ತರದಲ್ಲಿ ನಿಲ್ಲಬೇಕು ಎಂಬುದು ಅವರ ಹಟ. ಹಾಗೆ ಮಾಡಿದಾಗ ಕೆಲವು ಕಡೆ ಪ್ಯಾರಾದ ಕೊನೆಯ ಸಾಲು ಮುಂದಿನ ಪುಟಕ್ಕೆ ಜಿಗಿದು, ಪುಟದ ತಲೆಯಲ್ಲಿ ಒಂದೇ ಸಾಲು ಒಂಟಿಯಾಗಿ ಕೂರುತ್ತದೆ. ಪುಸ್ತಕ ಜೋಡಿಸುವವರಿಗೆ ಅದು ಕಣ್ಣಿಗೆ ಬಿದ್ದ ಕಸ. ಪದಗಳ ನಡುವಿನ ಅಂತರ ಕೂದಲೆಳೆಯಷ್ಟು ಬಿಗಿ ಮಾಡಿ, ಇಲ್ಲವೆ ಸಡಿಲ ಮಾಡಿ ಅದನ್ನು ಹಿಂದಕ್ಕೋ ಮುಂದಕ್ಕೋ ತಳ್ಳಬಹುದು. ಒಂದನ್ನು ತಳ್ಳಿದರೆ ಮುಂದೆ ಇನ್ನೊಂದು ಏಳುತ್ತದೆ. ಎರಡು ತಿಂಗಳು ಅದರಲ್ಲೇ ಹೋಯಿತು.

ಅಷ್ಟರಲ್ಲಿ ಅಕ್ಕನಿಗೆ ಹನ್ನೆರಡು ಪಾಯಿಂಟ್ ಕಾಣದಾಯಿತು.

ಸಾರ್ ಗಾಬರಿಯಾಗಲಿಲ್ಲ. ಒಂದು ಅಂಕಿ ತಾನೆ. ಹದಿನಾರು ಮಾಡಿದರು. ನೂರ ಐವತ್ತಾರು ಪುಟ, ಪುಟಕ್ಕೆ ಇಪ್ಪತ್ತೇಳು ಸಾಲು. ಸಾಲುಗಳೆಲ್ಲ ಬೇರೆ ಕಡೆ ಮುರಿದವು, ಪುಟಗಳೆಲ್ಲ ಬೇರೆ ಕಡೆ ಕತ್ತರಿಸಿದವು. ಒಂಟಿ ಸಾಲುಗಳ ಕೆಲಸ ಮೊದಲಿಂದ ಶುರುವಾಯಿತು.

ಅಕ್ಕನಿಗೆ ಅಕ್ಷರ ಕಾಣುತ್ತದೆಯೋ ಇಲ್ಲವೋ ನೋಡಲು ಅವರು ಆಗಾಗ ಒಂದು ಹಾಳೆ ಮುದ್ರಿಸಿ ಒಯ್ಯುತ್ತಿದ್ದರು. ಅದರಲ್ಲಿ ಇದ್ದದ್ದು ಅಕ್ಕನ ಮಾತಲ್ಲ, ನಮ್ಮ ವರದಿಯ ಕೊನೆಯ ವಾಕ್ಯ: 'ಈ ನೀರು ಕುಡಿಯಲು ಯೋಗ್ಯವಾಗಿದೆ.'

"ಎಷ್ಟು ಸಲ ಓದಿಸ್ತೀಯೋ ಇದನ್ನ? ಕುಡಿದೂ ಕುಡಿದೂ ಹೊಟ್ಟೆ ತುಂಬ್ತು. ನಂದು ಯಾವಾಗ ಕೊಡ್ತೀಯ?"

"ಆಯ್ತು ಅಕ್ಕ. ಇನ್ನೂ ಸ್ವಲ್ಪ ಇದೆ."

"ಇರೋ ಅಷ್ಟನ್ನೇ ತಾರೋ. ಹತ್ತು ಪುಟ ತಾ. ನಾನೇನು ಪರೀಕ್ಷೆಗೆ ಕೂರ್ತೀನಾ?"

"ಅರ್ಧಂಬರ್ಧ ಕೊಡಬಾರದು ಅಕ್ಕ. ಪೂರ್ತಿ ಆದ್ಮೇಲೆ ಒಂದೇ ಸಲ."

ಅಲ್ಲಿ ನಾನೂ ಇದ್ದೆ. 'ಕೊಡಿ ಸಾರ್, ಏನಾಗುತ್ತೆ' ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಆ ಪುಟಗಳ ಹುಚ್ಚು ಸ್ವಲ್ಪ ಹತ್ತಿತ್ತು. ಊಟದ ಬಿಡುವಿನಲ್ಲಿ ಅವರು ಕರಡು ಹಾಳೆಗಳನ್ನು ನನ್ನ ಮುಂದೆ ಹರಡುತ್ತಿದ್ದರು, ನಾನು ತಪ್ಪು ಹುಡುಕುತ್ತಿದ್ದೆ. ನಾನು ನೋಡುತ್ತಿದ್ದದ್ದು ಪುಟಗಳ ತಲೆ ಮತ್ತು ಬುಡವನ್ನು ಮಾತ್ರ. ಅಕ್ಕನಿಗಿಂತ ಮೊದಲು ನಾನು ಓದಿಬಿಡುವುದು ಸರಿಯಲ್ಲ ಎಂದು ಬೇಕೆಂದೇ ಒಳಗಿನದನ್ನು ಓದುತ್ತಿರಲಿಲ್ಲ. ಅದೂ ಒಂದು ಮರ್ಯಾದೆ ಅಂದುಕೊಂಡಿದ್ದೆ.

ಹದಿನಾರು ಪಾಯಿಂಟಿನ ಕರಡಿನಲ್ಲಿ ಒಂದು ದಿನ ನಾನು ಹೇಳಿದೆ: "ಸಾರ್, ಮೂವತ್ತೊಂದನೇ ಪುಟದ ತಲೇಲಿ ಒಂದು ಒಂಟಿ ಸಾಲು ಉಳಿದಿದೆ."

ಪೂರ್ತಿ ಸಾಲೂ ಅಲ್ಲ ಅದು. ಎರಡೇ ಪದ. 'ಎಂದು ಕೇಳಿದ.' ಆಮೇಲೆ 'ಮಕ್ಕಳ ವಾರ್ಡಿನ ಬಟ್ಟೆಗಳನ್ನು' ಎಂದು ಶುರುವಾಗುವ ಹೊಸ ಪ್ಯಾರಾ.

"ಗೊತ್ತು," ಎಂದರು. "ಬಿಗಿ ಮಾಡಿ ನೋಡ್ದೆ, ಸಡಿಲ ಮಾಡಿ ನೋಡ್ದೆ. ಹಟಮಾರಿ ಅದು. ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ."

"ಎರಡು ಪದಕ್ಕೆ ಇಷ್ಟು ಕಾಟ," ಎಂದು ನಾನು ನಕ್ಕೆ.

ಮರುದಿನದ ಕರಡಿನಲ್ಲಿ ಮೂವತ್ತೊಂದನೆಯ ಪುಟ ಹೊಸ ಪ್ಯಾರಾದಿಂದಲೇ ಶುರುವಾಗಿತ್ತು. ಮೂವತ್ತನೆಯ ಪುಟದಲ್ಲಿ ಇಪ್ಪತ್ತೇಳು ಸಾಲು, ಅಂಚು ಕತ್ತರಿಸಿಟ್ಟ ಹಾಗೆ. ಹೇಗೆ ಸರಿಹೋಯಿತು ಎಂದು ನಾನು ಕೇಳಲಿಲ್ಲ. "ಈಗ ಚೆನ್ನಾಗಿದೆ ಸಾರ್," ಎಂದೆ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಹದಿನಾರು ಸಿದ್ಧವಾಗುವಾಗ ಅಕ್ಕನಿಗೆ ಇಪ್ಪತ್ತು ಬೇಕಾಯಿತು. ಇನ್ನೂರ ನಲವತ್ತನಾಲ್ಕು ಪುಟ. ಇಪ್ಪತ್ತು ಸಿದ್ಧವಾಗುವಾಗ ಇಪ್ಪತ್ತಾರು ಬೇಕಾಯಿತು. ನಾನೂರ ಹದಿಮೂರು ಪುಟ, ಪುಟಕ್ಕೆ ಹದಿನೇಳೇ ಸಾಲು. ಅಕ್ಷರ ದೊಡ್ಡದಾದಷ್ಟೂ ಪುಟ ಹೆಚ್ಚು, ಪುಟ ಹೆಚ್ಚಾದಷ್ಟೂ ಒಂಟಿ ಸಾಲು ಹೆಚ್ಚು, ಕೆಲಸ ಹೆಚ್ಚು. ಅಕ್ಕನ ಕಣ್ಣು ಮಾತ್ರ ಕಾಯುತ್ತ ಕೂರಲಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಒಂದು ತಿಂಗಳು ಮೊದಲೇ, ಪರೀಕ್ಷೆಯ ಹಾಳೆಯನ್ನು ಮುಖದ ಹತ್ತಿರ ತಂದು, ಪಕ್ಕಕ್ಕೆ ಹೊರಳಿಸಿ, ಕತ್ತು ಓರೆ ಮಾಡಿ ನೋಡಿ, ಅಕ್ಕ ಅದನ್ನು ಮಡಚಿ ಮೇಜಿನ ಮೇಲಿಟ್ಟರು. ಸರಿಯಾಗಿ ನಾಲ್ಕು ಮಡಿಕೆ, ಬಟ್ಟೆ ಮಡಚುವ ಹಾಗೆ.

"ಬೇಡ ಬಿಡು ಪುಟ್ಟ. ಅಂಚಿನಲ್ಲಿ ಏನೋ ಕಪ್ಪಗೆ ಕಾಣುತ್ತೆ. ಅದು ಅಕ್ಷರ ಅಂತ ನೀನು ಹೇಳಿದ್ರೆ ನಂಬ್ತೀನಿ."

"ಮೂವತ್ತಾರು ಮಾಡ್ತೀನಿ ಅಕ್ಕ. ಒಂದು ಅಂಕಿ—"

"ಗೋಡೆ ಮೇಲೆ ಬರೆದ್ರೂ ಅಷ್ಟೇ ಕಣೋ."

ಸಾರ್ ಮರುದಿನ ಆಫೀಸಿಗೆ ಬಂದರು, ತಮ್ಮದೇ ಕಾಗದದ ಕಟ್ಟು ಬಿಚ್ಚಿದರು, ನಾನೂರ ಹದಿಮೂರು ಪುಟಗಳನ್ನು ಮುದ್ರಿಸಿದರು. ಪ್ರಿಂಟರ್ ಮಧ್ಯಾಹ್ನದವರೆಗೂ ಓಡಿತು. ಸ್ಕೇಲ್ ಮುಟ್ಟಲಿಲ್ಲ. ರವಾನೆ ಗುಮಾಸ್ತರು ಬಾಗಿಲಲ್ಲಿ ನಿಂತು ಏನೋ ತಮಾಷೆ ಮಾಡಲು ಬಾಯಿ ತೆರೆದವರು, ಮುಖ ನೋಡಿ, "ದಾರ ಬೇಕಾ ಸಾರ್, ಹೊಲಿಯೋದಕ್ಕೆ?" ಎಂದು ಕೇಳಿ, ತಾವೇ ಕೂತು ನಾಲ್ಕು ಕಟ್ಟುಗಳಾಗಿ ಹೊಲಿದುಕೊಟ್ಟರು.

ಓದುವವರು ಇಲ್ಲದ ಮೇಲೆ ಓದಿ ಹೇಳಬೇಕಾಯಿತು. ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡು ಎಂದು ಸಾರ್ ಹೊತ್ತು ಗೊತ್ತುಮಾಡಿದರು. ಎರಡನೆಯ ಭಾನುವಾರ ನಾನೂ ಹೋಗಿದ್ದೆ. ಕೆಳಗೆ ಅಂಗಡಿಯಲ್ಲಿ ಯಾರದೋ ಚಕ್ರಕ್ಕೆ ಗಾಳಿ ತುಂಬುವ ಸದ್ದು. ಕಿಟಕಿಗೆ ಬೆನ್ನು ಮಾಡಿ ಅಕ್ಕ, ಎದುರಿಗೆ ಕುರ್ಚಿಯಲ್ಲಿ ಸಾರ್, ಮೊಣಕಾಲ ಮೇಲೆ ಮೊದಲನೆಯ ಕಟ್ಟು. ಅವರು ವರದಿ ಓದುವ ಹಾಗೆ ಓದುತ್ತಿದ್ದರು, ಒಂದೇ ಸಮ ದನಿ.

"ಆಮೆಮರಿ ಸಿಕ್ತು ಅನ್ನೋದನ್ನ ಕ್ಲೋರಿನ್ ಸಿಕ್ತು ಅನ್ನೋ ಹಾಗೆ ಓದ್ತಾನೆ ನೋಡು," ಎಂದರು ಅಕ್ಕ ನನಗೆ. "ಸ್ವಲ್ಪ ನಗೋ."

ಆದರೆ ಕೇಳುತ್ತ ಕೇಳುತ್ತ ನನಗೊಂದು ತಿಳಿಯಿತು. ಸಾರ್ ಮೊದಲ ಸಲ ಓದುತ್ತಿದ್ದರು. ಟೈಪ್ ಮಾಡಿದವರು ಅವರೇ, ಒಂದೂವರೆ ವರ್ಷ ದಿನವೂ ಅದನ್ನೇ ನೋಡಿದವರು ಅವರೇ. ಆದರೂ ಅಲ್ಲಲ್ಲಿ ನಿಂತು, ಹಿಂದಿನ ಸಾಲಿಗೆ ಹೋಗಿ, ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಹಲ್ಲಿನ ಸೆಟ್ಟಿನ ಕಥೆಗೆ ತಡವಾಗಿ, ಒಂದು ಪ್ಯಾರಾ ದಾಟಿದ ಮೇಲೆ ನಕ್ಕರು. ಇಷ್ಟು ದಿನ ಅದು ಅವರ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆಮೇಲೆ ಅಂಗಿಯ ಭಾಗ ಬಂತು. ಪುಟ್ಟನನ್ನು ಶಾಲೆಗೆ ಹಾಕಬೇಕಿತ್ತು, ಅಂಗಿ ಇರಲಿಲ್ಲ. ಇನ್ನು ಹೊಲಿಯಲಾಗದು ಎಂದು ಬಿಸಾಡಲು ಇಟ್ಟಿದ್ದ ಒಂದು ಬೆಡ್‌ಶೀಟನ್ನು ಅಕ್ಕ ಮೇಲಿನವರನ್ನು ಕೇಳಿ ಮನೆಗೆ ತಂದರು. ಗಟ್ಟಿ ಇದ್ದ ಅಂಚಿನಿಂದ ಅಂಗಿ ಕತ್ತರಿಸಿದರು. ಅಂಚಿನಲ್ಲಿ ಕೆಂಪು ದಾರದಿಂದ ವಾರ್ಡಿನ ನಂಬರು ಹೊಲಿದಿತ್ತು. ಎಷ್ಟು ಜಾಗರೂಕತೆಯಿಂದ ಕತ್ತರಿಸಿದರೂ ಅದು ಬಂದೇ ಬಂತು. ಅದನ್ನು ಕಂಕುಳ ಕೆಳಗೆ ಒಳಮಡಿಕೆಯಲ್ಲಿ ಅಡಗಿಸಿ ಹೊಲಿದರು.

ಸಾರ್ ಓದುವುದು ನಿಧಾನವಾಯಿತು. "ಆ ಅಂಗಿ ಹಾಕಿಕೊಂಡು ಪುಟ್ಟ ಶಾಲೆಗೆ ಹೋದ. ಸಂಜೆ ಬಂದವನು ಅಂಗಿ ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟ." ಪುಟ ತಿರುವಿದರು. "ಮಕ್ಕಳ ವಾರ್ಡಿನ ಬಟ್ಟೆಗಳನ್ನು ಬೇರೆ ಬುಟ್ಟಿಯಲ್ಲಿ—"

"ನಿಲ್ಸು," ಎಂದರು ಅಕ್ಕ. "ಪುಟ ಹಾರಿಸ್ದೆ."

"ಇಲ್ಲ ಅಕ್ಕ."

"ಅಲ್ಲೊಂದು ಮಾತಿತ್ತು. ಕೊಟ್ಟ ಆದ್ಮೇಲೆ."

ಸಾರ್ ಪುಟವನ್ನು ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. "ಇಲ್ಲಿ ಇಷ್ಟೇ ಇದೆ."

"ಇಷ್ಟೇ ಇರೋಕ್ಕೆ ಸಾಧ್ಯ ಇಲ್ಲ ಕಣೋ. ನಾನು ಅದನ್ನ ಬರೀತಾ ಅತ್ತಿದ್ದೆ. ಪೆನ್ಸಿಲ್ ಕೆಳಗಿಟ್ಟು ಎದ್ದು ಹೋಗಿ ಮುಖ ತೊಳ್ಕೊಂಡು ಬಂದು ಕೂತೆ, ನಂಗೆ ಚೆನ್ನಾಗಿ ನೆನಪಿದೆ. ಅಂಗಿ ಕೈಗೆ ಕೊಟ್ಟ ಅನ್ನೋದಕ್ಕೆ ಯಾರಾದ್ರೂ ಅಳ್ತಾರಾ?"

ಸಾರ್ ಹಾಳೆಯನ್ನೇ ನೋಡುತ್ತ ಕೂತರು. ನನಗೆ ಆಗಲೇ ಗೊತ್ತಾಗಿತ್ತು. ಅವರಿಗೂ ಗೊತ್ತಾಗಿದೆ ಎಂಬುದು ಅವರ ಕಿವಿ ಕೆಂಪಾದದ್ದರಲ್ಲಿ ಕಂಡಿತು.

"ನಾನು ತೆಗೆದೆ ಅಕ್ಕ."

"ಏನನ್ನ?"

"ಒಂದು ವಾಕ್ಯ. ಅದರ ಬಾಲ ಮುಂದಿನ ಪುಟಕ್ಕೆ ಹೋಗ್ತಿತ್ತು. ಪುಟ ಸರಿ ಬರ್ಲಿ ಅಂತ..." ಅಲ್ಲಿಗೆ ನಿಂತರು. ಆ ವಿವರಣೆಯನ್ನು ಅವರು ಇಪ್ಪತ್ತೆಂಟು ವರ್ಷ ಯಾರಿಗೂ ಕೊಡಬೇಕಾಗಿ ಬಂದಿರಲಿಲ್ಲ.

"ಅಕ್ಷರ ದೊಡ್ಡದು ಮಾಡಿದ್ಮೇಲೆ ಪುಟಾನೇ ಬೇರೆ ಆಯ್ತು ಅಂದೆಯಲ್ಲ. ಆಮೇಲಾದ್ರೂ ಹಾಕ್ಬಹುದಿತ್ತು."

"ತೆಗೆದ ಮೇಲೆ ಹಳೇದನ್ನ ಇಟ್ಕೊಂಡಿರ್ಲಿಲ್ಲ."

ಅಕ್ಕ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದರು: "ಏನಿತ್ತೋ ಅದರಲ್ಲಿ?"

"ನೆನಪಿಲ್ಲ ಅಕ್ಕ. ನಿನಗೆ?"

"ಬರೆದಾಯ್ತಲ್ಲ ಅಂತ ನಾನು ಮರೆತುಬಿಟ್ಟೆ."

ಕೆಳಗೆ ಗಾಳಿ ತುಂಬುವುದು ನಿಂತಿತ್ತು. ನಾನು ಸುಮ್ಮನಿದ್ದಿದ್ದರೆ ನನ್ನ ಪಾಲು ಅಲ್ಲಿಗೆ ಮುಚ್ಚಿಹೋಗುತ್ತಿತ್ತು. ಆದರೆ ಆ ಕೋಣೆಯಲ್ಲಿ ಆ ವಾಕ್ಯದ ಒಂದು ತುಣುಕು ಗೊತ್ತಿದ್ದವಳು ನಾನೊಬ್ಬಳೇ.

"ಅಕ್ಕ, ಆ ಸಾಲು ಒಂಟಿಯಾಗಿದೆ ಅಂತ ಸಾರ್‌ಗೆ ತೋರಿಸಿದ್ದು ನಾನು," ಎಂದೆ. "ಕೊನೇ ಎರಡು ಪದ ನಂಗೆ ನೆನಪಿದೆ. 'ಎಂದು ಕೇಳಿದ' ಅಂತ ಇತ್ತು."

ಅಕ್ಕ ನನ್ನ ಕಡೆಗೆ ತಿರುಗಿದರು. ಆ ಕಣ್ಣಿಗೆ ನನ್ನ ಮುಖ ಕಾಣದು, ಸುತ್ತಲಿನ ಅಂಚು ಮಾತ್ರ ಕಾಣುತ್ತದೆ ಎಂದು ಗೊತ್ತಿದ್ದರೂ ನಾನು ತಲೆ ತಗ್ಗಿಸಿದೆ.

"ಕೇಳಿದ್ದಾ," ಎಂದರು. ಮತ್ತೆ ತಮ್ಮನ ಕಡೆ ತಿರುಗಿ, "ಅಂಗಿ ಕೊಟ್ಟು ಏನೋ ಕೇಳಿದ್ದೆ ನೀನು. ಏನು ಕೇಳಿದ್ದೆ ಪುಟ್ಟ?"

"ಆರು ವರ್ಷ ಅಕ್ಕ ನಂಗೆ ಆಗ."

"ಯೋಚ್ನೆ ಮಾಡಿ ನೋಡು."

ಸಾರ್ ಕಟ್ಟನ್ನು ಮುಚ್ಚಿ ಕಣ್ಣು ಮುಚ್ಚಿದರು. ನೀರಿನ ಮಾದರಿಯ ನಂಬರು ಹೇಳಿದರೆ ಹತ್ತು ವರ್ಷದ ಹಿಂದಿನ ಬಾವಿ ಯಾವುದೆಂದು ಹೇಳುತ್ತಿದ್ದ ಮನುಷ್ಯ. "ಜೇಬು ಯಾಕಿಲ್ಲ ಅಂತ ಕೇಳಿರ್ಬೇಕು," ಎಂದರು ಕೊನೆಗೆ.

"ಜೇಬು ಇತ್ತು."

"ನಾಳೆನೂ ಇದೇ ಅಂಗೀನಾ ಅಂತ?"

"ಅಲ್ಲ. ಅದಾಗಿದ್ರೆ ನಾನು ಬರೀತಾನೇ ಇರ್ಲಿಲ್ಲ." ಅಕ್ಕ ಕೈ ಚಾಚಿ ತಡಕಿ, ತಮ್ಮನ ಮೊಣಕಾಲ ಮೇಲಿದ್ದ ಹಾಳೆಗಳನ್ನು ಮುಟ್ಟಿ ನೋಡಿದರು. ಅಂಚು ಸವರಿದರು. "ಚೆನ್ನಾಗಿ ಕೂತಿದೆ ಕಣೋ. ಒಂದು ಹಾಳೆನೂ ಆಚೆ ಈಚೆ ಇಲ್ಲ. ಸರಿ, ಮುಂದೆ ಓದು."

ಅವರು ಬೈದಿದ್ದರೆ ಸಾರ್‌ಗೆ ಎಷ್ಟೋ ಹಗುರವಾಗುತ್ತಿತ್ತು.

ಅದೊಂದೇ ವಾಕ್ಯವಲ್ಲ. ನಾಲ್ಕು ಗಾತ್ರದ ಜೋಡಣೆಯಲ್ಲಿ ಒಟ್ಟು ಹನ್ನೊಂದು ಕಡೆ ತೆಗೆದಿದ್ದೇನೆ ಎಂದು ಅವರು ಸೋಮವಾರ ನನಗೆ ಹೇಳಿದರು. ಎಷ್ಟು ಎಂಬುದು ನೆನಪಿತ್ತು, ಎಲ್ಲಿ ಎಂಬುದು ನೆನಪಿರಲಿಲ್ಲ. ಎರಡು ಕಡೆ ಸಾರ್ ಓದುವಾಗ ಅಕ್ಕನೇ ತಡೆದು, ಬಿಟ್ಟುಹೋದದ್ದನ್ನು ಹಾಗೇ ಹೇಳಿ ಬರೆಸಿದರು. ಉಳಿದವು ಯಾವ ಪುಟದಲ್ಲಿ ಯಾವ ಮಾತಿನ ಪಕ್ಕ ಇದ್ದವೋ ಯಾರಿಗೂ ತಿಳಿಯಲಿಲ್ಲ. ಅಲ್ಲೆಲ್ಲ ಓದು ಎಡವದೆ ಮುಂದೆ ಹೋಗುತ್ತಿತ್ತು. ಅವರು ಅಷ್ಟು ಚೊಕ್ಕವಾಗಿ ತೆಗೆದಿದ್ದರು. ಅದನ್ನು ಹೇಳುವಾಗ ಅವರ ಕೈ ಸ್ಕೇಲನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿತ್ತು.

ಅಂಗಿಯ ಭಾಗವನ್ನು ಅವರು ಫೈಲಿನಲ್ಲಿ ತಿದ್ದಿದರು. ಅಂಗಿ ಕೈಗೆ ಕೊಟ್ಟ ಎಂಬಲ್ಲಿಗೆ ಒಂದು ಸಾಲಿನಷ್ಟು ಖಾಲಿ ಬಿಟ್ಟು, ನನಗೆ ನೆನಪಿದ್ದ ಆ ಎರಡು ಪದಗಳನ್ನು ಅದರ ಕೊನೆಗೆ ಸೇರಿಸಿದರು. ಆಮೇಲಿನ ಪುಟಗಳೆಲ್ಲ ಒಂದೊಂದು ಸಾಲು ಸರಿದವು. ಎಲ್ಲಿ ಏನು ಒಂಟಿಯಾಯಿತೆಂದು ಅವರು ನೋಡಲಿಲ್ಲ, ನನಗೂ ತೋರಿಸಲಿಲ್ಲ. ಕಮಾಂಡ್ ಹೊಡೆದು ಮುದ್ರಿಸಿಕೊಂಡು ಮನೆಗೆ ಒಯ್ದರು.

ಅಕ್ಕ ಇನ್ನೂ ಹದಿನಾಲ್ಕು ತಿಂಗಳು ಇದ್ದರು. ಪುಸ್ತಕ ಎರಡು ಸಲ ಮುಗಿದು ಮೂರನೆಯ ಸಲ ನಡೆದಿತ್ತು. ಆ ಹೊತ್ತಿಗೆ ಸಾರ್ ಓದುವುದನ್ನು ಕಲಿತಿದ್ದರು. ಆಮೆಮರಿ ಬಂದಾಗ ದನಿ ಏರುತ್ತಿತ್ತು. ಅಂಗಿಯ ಪುಟ ಬಂದಾಗ ಮಾತ್ರ, ಖಾಲಿ ಸಾಲಿನ ಹತ್ತಿರ, ಒಂದು ವಾಕ್ಯ ಓದಲು ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, "ಎಂದು ಕೇಳಿದ," ಎಂದು ಓದುತ್ತಿದ್ದರು.

"ಹೂಂ," ಅನ್ನುತ್ತಿದ್ದರು ಅಕ್ಕ, ತಮ್ಮ ಈಗತಾನೆ ಏನೋ ಕೇಳಿದ್ದಕ್ಕೆ ಒಪ್ಪಿಕೊಂಡ ಹಾಗೆ. ಏನೆಂದು ಇಬ್ಬರಿಗೂ ಗೊತ್ತಿರಲಿಲ್ಲ.